ದ್ವಿಪದ ಪ್ರಯೋಗವನ್ನು ಗುರುತಿಸುವ ಬಗೆ

ಸಂಭವನೀಯತೆಯ ಪ್ರಶ್ನೆಯಲ್ಲಿ ‘ಒಳ್ಳೆಯದು, ಕೆಟ್ಟದ್ದು’ ಎಂಬ ಎರಡು ಮಾತುಗಳು ಕಂಡೊಡನೆಯೇ ಅದನ್ನು ದ್ವಿಪದವೆಂದು ನಿಶ್ಚಯಿಸಿ ಸೂತ್ರಕ್ಕೆ ಕೈಹಾಕುವ ಪಿಯುಸಿ ವಿದ್ಯಾರ್ಥಿಗಳು ಹೇರಳವಾಗಿದ್ದಾರೆ. ಗುಣಾಕಾರವು ಶುದ್ಧವಾಗಿದ್ದರೂ ಉತ್ತರವು ಕೆಡುವುದು ಇದರಿಂದಲೇ. 1713ರಲ್ಲಿ ಪ್ರಕಟವಾದ ಯಾಕೋಬ್ ಬರ್ನೌಲಿಯ ಗ್ರಂಥದಿಂದ ಪ್ರಸಿದ್ಧವಾದ ಈ ಪ್ರಯೋಗಕ್ಕೆ ನಾಲ್ಕು ಲಕ್ಷಣಗಳುಂಟು: ಯತ್ನಗಳ ಸಂಖ್ಯೆ ಮೊದಲೇ ಗೊತ್ತಾಗಿರತಕ್ಕದ್ದು, ಪ್ರತಿ ಯತ್ನಕ್ಕೂ ಎರಡೇ ಫಲಗಳಿರತಕ್ಕದ್ದು, ಸಫಲತೆಯ ಸಂಭವನೀಯತೆಯು ಬದಲಾಗಬಾರದು, ಒಂದು ಯತ್ನದ ಫಲವು ಮತ್ತೊಂದನ್ನು ಬಾಧಿಸಬಾರದು.

ಶಿಡ್ಲಘಟ್ಟದ ರೇಷ್ಮೆಗೂಡನ್ನೇ ತೆಗೆದುಕೊಳ್ಳೋಣ. ‘ಐದು ಗೂಡುಗಳನ್ನು ನೋಡುವೆನು’ ಎಂದರೆ ಮೊದಲನೆಯ ಲಕ್ಷಣವು ಸಿದ್ಧಿಸಿತು. ‘ಕಲೆಗೂಡು ಸಿಗುವವರೆಗೆ ನೋಡುವೆನು’ ಎಂದರೆ ಇಲ್ಲ. ಒಳ್ಳೆಯ ಗೂಡು, ಜಂಟಿಗೂಡು, ಕಲೆಗೂಡು ಎಂದು ಮೂರು ಬಗೆಗಳಿದ್ದರೂ ಕಡೆಯ ಎರಡನ್ನು ‘ದೋಷಯುಕ್ತ’ವೆಂದು ಒಂದುಗೂಡಿಸಿದರೆ ಎರಡೇ ಫಲಗಳಾಗುವುವು.

ವಿದ್ಯಾರ್ಥಿಗಳು ಮುಗ್ಗರಿಸುವುದು ನಾಲ್ಕನೆಯದಾದ ಸ್ವಾತಂತ್ರ್ಯದ ಲಕ್ಷಣದಲ್ಲಿ. ಮೊರದಲ್ಲಿ 20 ಗೂಡುಗಳಿದ್ದು 6 ದೋಷಯುಕ್ತವಾಗಿರಲಿ. ತೆಗೆದುದನ್ನು ಮರಳಿ ಹಾಕದೆ ಎರಡನ್ನು ತೆಗೆದರೆ, ಮೊದಲನೆಯದು ಕೆಟ್ಟದ್ದಾದಾಗ ಎರಡನೆಯದೂ ಕೆಟ್ಟದ್ದಾಗುವ ಸಂಭವನೀಯತೆ 5/19, ಮೊದಲನೆಯದು ಒಳ್ಳೆಯದಾದಾಗ 6/19. ಎರಡೂ ಕೆಟ್ಟವಾಗುವ ನಿಜವಾದ ಸಂಭವನೀಯತೆ ಸುಮಾರು 0.079, ದ್ವಿಪದ ಸೂತ್ರವು ಕೊಡುವುದು 0.09. ಪ್ರತಿಸಲವೂ ಮರಳಿ ಹಾಕಿ ಕಲಸಿದರೆ ಮಾತ್ರ ಸೂತ್ರವು ಸಲ್ಲುವುದು. ಸಾವಿರಾರು ಗೂಡುಗಳ ರಾಶಿಯಿಂದ ಐದನ್ನು ತೆಗೆದಾಗ ಈ ಭೇದವು ನಗಣ್ಯ; ಆಯ್ದದ್ದು ಒಟ್ಟಿನ ಹತ್ತನೆಯ ಒಂದು ಪಾಲನ್ನು ಮೀರದಿದ್ದರೆ ದ್ವಿಪದವೆಂದೇ ಗಣಿಸುವ ವಾಡಿಕೆಯುಂಟು. ಆದರೆ ಯಾದೃಚ್ಛಿಕವಾಗಿ ತೆಗೆಯದೆ ರಾಶಿಯ ಮೇಲ್ಭಾಗದಿಂದಲೇ ಆಯುವವನಿಗೆ ಈ ವಾಡಿಕೆಯ ಆಶ್ರಯವಿಲ್ಲ.

ಸಂಖ್ಯೆ ಎಷ್ಟು ದೊಡ್ಡದಾದರೂ ಸ್ವಾತಂತ್ರ್ಯವು ತಾನಾಗಿ ಒದಗುವುದೆಂದು ನಂಬಬೇಡಿ. ರೇಷ್ಮೆಹುಳುವಿನ ಗಂಟುರೋಗವು ತಾಯಿಚಿಟ್ಟೆಯಿಂದ ಮೊಟ್ಟೆಗೆ ಇಳಿಯುವುದರಿಂದಲೇ, 1860ರ ದಶಕದಲ್ಲಿ ಲೂಯಿ ಪಾಶ್ಚರ್ ಮೊಟ್ಟೆಯಿಟ್ಟ ತಾಯಿಯನ್ನೇ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಕ್ರಮವನ್ನು ರೂಢಿಗೆ ತಂದನು. ಒಂದೇ ತಾಯಿಯ 50 ಮೊಟ್ಟೆಗಳನ್ನು ಪರೀಕ್ಷಿಸಿದವನು 50 ಸ್ವತಂತ್ರ ಯತ್ನಗಳನ್ನು ನಡೆಸಿದಂತಾಗಲಾರದು. ದೊಡ್ಡ ತಂಡದಿಂದ ಯಾದೃಚ್ಛಿಕವಾಗಿ ಆಯ್ದ 50 ತಾಯಂದಿರ ಒಂದೊಂದು ಮೊಟ್ಟೆಯಾದರೆ ದ್ವಿಪದವೆನ್ನಬಹುದು.

ಇನ್ನು ಉಳಿದದ್ದು ಮೂರನೆಯ ಲಕ್ಷಣವಾದ ಸಂಭವನೀಯತೆಯ ಸ್ಥಿರತೆ: ಚಿಂತಾಮಣಿಯ ಹತ್ತು ತೋಟಗಳಿಂದ ಬಂದ ಹತ್ತು ಪೆಟ್ಟಿಗೆಗಳಲ್ಲಿ ಒಂದೊಂದು ಟೊಮೆಟೊವನ್ನು ತೆಗೆದು ನೋಡಿದರೆ, ಕೊಳೆತ ಹಣ್ಣಿನ ಪ್ರಮಾಣವು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬೇರೆಯಾಗಿರುವಾಗ ಒಂದೇ ಸಂಭವನೀಯತೆಯನ್ನು ಬರೆದುಕೊಳ್ಳಲಾಗದು. ಗೌರಿಬಿದನೂರಿನ ಮಳೆಗಾಲದ ಸತತ ಹತ್ತು ದಿನಗಳಲ್ಲಿ ಮಳೆ ಬಂದ ದಿನಗಳ ಎಣಿಕೆಯನ್ನೂ ದ್ವಿಪದವೆನ್ನದೆ ಬಿಡಿ; ಅಲ್ಲಿ ತಪ್ಪುವುದು ಸ್ವಾತಂತ್ರ್ಯ. ನಾಳೆಯ ಮಳೆಯು ಇಂದಿನ ಮಳೆಯಿಂದ ಸ್ವತಂತ್ರವಲ್ಲ.