ಪಹಣಿಯ ಒಂಬತ್ತನೇ ಕಲಂನಲ್ಲಿ ಯಾರ ಹೆಸರಿದೆ?



ಸಂಘದ ಮುಂದಿನ ಸಭೆಗೆ ಬರುವಾಗ ಪಾಸ್‌ಬುಕ್ಕಿನ ಜೊತೆಗೆ ಮನೆಯ ಜಮೀನಿನ ಪಹಣಿಯನ್ನೂ ತನ್ನಿ. ಜಮೀನಿಲ್ಲದವರು ಮನೆ ನಿವೇಶನದ ಹಕ್ಕುಪತ್ರ ತನ್ನಿ. ಪಹಣಿಯಲ್ಲಿ ಒಂಬತ್ತನೇ ಕಲಂ ಅಂತ ಒಂದಿದೆ. ಜಮೀನು ಯಾರ ಹೆಸರಿನಲ್ಲಿದೆ ಎಂಬುದು ಅಲ್ಲಿ ಬರೆದಿರುತ್ತದೆ. ಓದು ಬಲ್ಲವರು ಓದು ಬಾರದ ಸದಸ್ಯೆಯರಿಗೆ ಅದನ್ನು ಓದಿ ಹೇಳಿ. ಹೆಚ್ಚಿನ ಮನೆಗಳಲ್ಲಿ ಗಂಡನ ಹೆಸರು ಇರುತ್ತದೆ, ಇಲ್ಲವೇ ಮಾವನ ಹೆಸರು. ಮಾವ ತೀರಿಕೊಂಡು ಇಪ್ಪತ್ತು ವರ್ಷ ಆಗಿದ್ದರೂ ಅವರ ಹೆಸರೇ ನಡೆದುಕೊಂಡು ಬಂದಿರುವುದೂ ಉಂಟು.

"ಹೆಸರು ಯಾರದಾದ್ರೇನು, ಉಣ್ಣೋದು ಎಲ್ರೂ ತಾನೇ?" ಎಂದು ಕೆಲವರು ಕೇಳುತ್ತಾರೆ. ಮನೆಯಲ್ಲಿ ಎಲ್ಲ ಸರಿಯಾಗಿರುವಾಗ ಈ ಮಾತು ನಡೆಯುತ್ತದೆ. ಗಂಡ ತೀರಿಕೊಂಡಾಗ, ಬಿಟ್ಟುಹೋದಾಗ, ಕುಡಿತಕ್ಕೆ ಬಿದ್ದು ಹೊಲ ಮಾರಲು ಹೊರಟಾಗ ನಡೆಯುವುದಿಲ್ಲ. ಬೆಳೆಸಾಲ, ಬರ ಮತ್ತು ನೆರೆಯ ಪರಿಹಾರ, 2019ರಲ್ಲಿ ಶುರುವಾದ ಕಿಸಾನ್ ಸಮ್ಮಾನ್ ಯೋಜನೆಯ ವರ್ಷಕ್ಕೆ 6,000 ರೂಪಾಯಿ, ಇವೆಲ್ಲ ಬರುವುದು ಜಮೀನಿನ ದಾಖಲೆ ನೋಡಿಕೊಂಡು. ಸಾಲದ ಹೊರೆಯಿಂದ ಆತ್ಮಹತ್ಯೆ ಮಾಡಿಕೊಂಡ ರೈತನ ಹೆಂಡತಿ ಪರಿಹಾರ ಕೇಳಲು ಹೋದರೂ "ಪಹಣಿ ಯಾರ ಹೆಸರಲ್ಲಿದೆಯಮ್ಮಾ?" ಎಂಬ ಪ್ರಶ್ನೆ ಏಳುತ್ತದೆ. ಮಾವನ ಹೆಸರಲ್ಲಿದ್ದರೆ ಅವಳ ಅಲೆದಾಟ ಅಲ್ಲಿಂದಲೇ ಶುರು.

ಕೆಲಸದ ಲೆಕ್ಕ ತೆಗೆದರೆ ಚಿತ್ರವೇ ಬೇರೆ. ನಮ್ಮ ದೇಶದ ಹಳ್ಳಿಗಳಲ್ಲಿ ದುಡಿಯುವ ಹೆಂಗಸರ ಪೈಕಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಬೇಸಾಯದಲ್ಲಿದ್ದಾರೆ. ನಾಟಿ, ಕಳೆ, ಕೊಯ್ಲು, ದನಕರು ಎಲ್ಲ ಅವರ ತಲೆಯ ಮೇಲೇ. ಆದರೆ 2015-16ರ ಕೃಷಿ ಗಣತಿ ಹೆಂಗಸರನ್ನು ಹಿಡುವಳಿದಾರರು ಎಂದು ಎಣಿಸಿದ್ದು ನೂರು ಹಿಡುವಳಿಗಳಲ್ಲಿ 14ರಲ್ಲಿ ಮಾತ್ರ. ಆ ಹಿಡುವಳಿಗಳೂ ಚಿಕ್ಕವು. ಸಾಗುವಳಿಯ ವಿಸ್ತೀರ್ಣದಲ್ಲಿ ಅವುಗಳ ಪಾಲು ನೂರಕ್ಕೆ 12ನ್ನೂ ಮುಟ್ಟಿಲ್ಲ.

ಆಸ್ತಿಗೂ ಮನೆಯೊಳಗಿನ ಮರ್ಯಾದೆಗೂ ಸಂಬಂಧವಿದೆ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ಪ್ರದೀಪ್ ಪಾಂಡಾ ಮತ್ತು ಬೀನಾ ಅಗರ್ವಾಲ್ ಎಂಬ ಸಂಶೋಧಕರು ಸುಮಾರು 500 ವಿವಾಹಿತ ಮಹಿಳೆಯರನ್ನು ಮಾತಾಡಿಸಿ 2005ರಲ್ಲಿ ವರದಿ ಪ್ರಕಟಿಸಿದರು. ಜಮೀನೂ ಮನೆಯೂ ತಮ್ಮ ಹೆಸರಿನಲ್ಲಿ ಇಲ್ಲದವರಲ್ಲಿ ನೂರಕ್ಕೆ 49 ಮಂದಿ ಗಂಡನಿಂದ ಹೊಡೆತ ತಿಂದಿದ್ದರು. ಎರಡೂ ಇದ್ದವರಲ್ಲಿ ಆ ಸಂಖ್ಯೆ ನೂರಕ್ಕೆ 7. ಹೊರಟರೆ ಹೋಗಲು ಒಂದು ಸ್ವಂತ ಸೂರಿದೆ ಅಂತ ಗೊತ್ತಿದ್ದಾಗ ಎತ್ತಿದ ಕೈ ಎಷ್ಟೋ ಸಲ ಇಳಿಯುತ್ತದೆ.

ಸರ್ಕಾರ ಬಡ ಕುಟುಂಬಕ್ಕೆ ಭೂಮಿ ಕೊಟ್ಟರೆ ಸಾಕಲ್ಲವೇ ಎಂದು ಕೇಳಬಹುದು. ನಮ್ಮ ರಾಜ್ಯದಲ್ಲಿ ದೇವರಾಜ ಅರಸು ಅವರ ಕಾಲದಲ್ಲಿ, 1974ರ ಮಾರ್ಚ್ 1ರಿಂದ, ಭೂಸುಧಾರಣೆಯ ದೊಡ್ಡ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರರು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿ ಒಡೆಯರಾದರು. ಅದು ಸಣ್ಣ ಕೆಲಸವಲ್ಲ, ಎಷ್ಟೋ ಮನೆಗಳು ಅದರಿಂದ ಎದ್ದು ನಿಂತವು. ಆದರೆ ಅರ್ಜಿ ಹಾಕಿದ್ದು ಮನೆಯ ಯಜಮಾನ, ಹಕ್ಕು ಬಂದದ್ದೂ ಹೆಚ್ಚಾಗಿ ಅವನ ಹೆಸರಿಗೇ. ಘೋಷಣೆಯೇ ಹಾಗಿತ್ತು ನೋಡಿ: "ಉಳುವವನೇ ಭೂಮಿಯ ಒಡೆಯ". ಕಳೆ ಕೀಳುವವಳ ಮಾತು ಅದರಲ್ಲಿ ಇರಲಿಲ್ಲ.

ಬಿಹಾರದ ಬೋಧಗಯಾದಲ್ಲಿ ಬಡ ಹೆಂಗಸರು ಇದನ್ನೇ ಪ್ರಶ್ನಿಸಿದರು. ಅಲ್ಲಿನ ಒಂದು ಮಠದ ಹಿಡಿತದಲ್ಲಿ ಸಾವಿರಾರು ಎಕರೆ ಜಮೀನಿತ್ತು. 1978ರಿಂದ ಭೂಹೀನ ಕೂಲಿಕಾರರು ಅದಕ್ಕಾಗಿ ಹೋರಾಡಿದರು. ಮೆರವಣಿಗೆಯಲ್ಲಿ, ಲಾಠಿ ಏಟಿನಲ್ಲಿ ಹೆಂಗಸರೂ ಸಮ ಪಾಲು ಪಡೆದಿದ್ದರು. ಕೊನೆಗೆ ಜಮೀನು ಹಂಚುವಾಗ ಮಾತ್ರ ಪಟ್ಟಿಯಲ್ಲಿ ಗಂಡಸರ ಹೆಸರು! "ಹೋರಾಟಕ್ಕೆ ನಾವು ಬೇಕು, ಹಕ್ಕಿಗೆ ಬೇಡವೇ?" ಎಂದು ಹೆಂಗಸರು ಪಟ್ಟು ಹಿಡಿದರು. ಮನೆಯ ಯಜಮಾನ ಗಂಡಸು, ಅವನಿಗೇ ಕೊಡುವುದು ಪದ್ಧತಿ ಎಂದು ಅಧಿಕಾರಿಗಳು ಹೇಳಿದರು. ಹೆಂಗಸರ ಹೆಸರಿಗೆ ಕೊಡದಿದ್ದರೆ ನಮಗೆ ಆ ಜಮೀನೇ ಬೇಡ ಎಂದು ಎರಡು ಹಳ್ಳಿಗಳ ಜನ ನಿಂತುಬಿಟ್ಟರು. ಗಂಡಸರೂ ಅವರ ಜೊತೆಗಿದ್ದರು ಎಂಬುದನ್ನು ಗಮನಿಸಿ. ಕಡೆಗೆ 1980ರ ದಶಕದಲ್ಲಿ ಹೆಂಗಸರ ಹೆಸರಿಗೆ ಜಮೀನು ಬಂತು.

ಆಫ್ರಿಕಾ ಖಂಡದ ಇಥಿಯೋಪಿಯಾದಲ್ಲೂ ಇಂಥದ್ದೇ ಪಾಠವಿದೆ. ಅಲ್ಲಿನ ಟಿಗ್ರೆ ಪ್ರಾಂತದಲ್ಲಿ 1998ರ ಹೊತ್ತಿಗೆ ಜಮೀನಿನ ಪತ್ರ ಕೊಡಲು ಆರಂಭಿಸಿದಾಗ ಮನೆಯ ಮುಖ್ಯಸ್ಥನ ಹೆಸರಷ್ಟೇ ಬರೆದರು. ಕೆಲವು ವರ್ಷಗಳ ನಂತರ ಅಮ್ಹಾರಾ ಪ್ರಾಂತದಲ್ಲಿ ಗಂಡ ಹೆಂಡತಿ ಇಬ್ಬರ ಹೆಸರು ಬರೆದು ಇಬ್ಬರ ಫೋಟೋವನ್ನೂ ಅಂಟಿಸಿದರು. ಓದು ಬಾರದವಳೂ ತನ್ನ ಮುಖವನ್ನು ಗುರುತಿಸಬಲ್ಲಳು. ನಮ್ಮಲ್ಲಿಯೂ 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಮದುವೆಯಾದವರಿಗೆ ಪತಿ ಪತ್ನಿ ಇಬ್ಬರ ಹೆಸರಿಗೂ ಜಂಟಿಯಾಗಿ ಹಕ್ಕುಪತ್ರ ಕೊಡಬೇಕು. ಕಾಡಂಚಿನ ಸಂಘಗಳವರು ಇದನ್ನು ನೆನಪಿಟ್ಟುಕೊಳ್ಳಿ.

ಈಗ ಕಾನೂನಿಗೆ ಬರೋಣ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ಮಾಡಿತು. ಆದರೆ ಅದಕ್ಕೆ ಮೊದಲು ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ ಆ ಭೇದ ತೆಗೆದುಹಾಕಿತು: ಮದುವೆಯಾಗಿರಲಿ ಬಿಡಲಿ, ಮಗಳಿಗೆ ಮಗನಷ್ಟೇ ಹಕ್ಕು. ಆ ದಿನ ತಂದೆ ಬದುಕಿರಲೇಬೇಕು ಎಂದೇನಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ತೀರ್ಪು ಕೊಟ್ಟಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಬದ್ಧವಾಗಿ ಪಾಲು ಆಗಿಹೋಗಿದ್ದರೆ ಅದನ್ನು ಮತ್ತೆ ತೆಗೆಯಲು ಬರುವುದಿಲ್ಲ.

ತಂದೆಯ ಸ್ವಯಾರ್ಜಿತ ಜಮೀನಿನ ಲೆಕ್ಕ ಬೇರೆ. ಮೂರು ಎಕರೆ, ಅಂದರೆ 120 ಗುಂಟೆ ಇದೆ ಅನ್ನಿ. ಹೆಂಡತಿ ಮತ್ತು ನಾಲ್ಕು ಮಕ್ಕಳನ್ನು ಬಿಟ್ಟು, ಉಯಿಲು ಬರೆಯದೆ ಆತ ತೀರಿಕೊಂಡ. ಹಿಂದೂ ಕುಟುಂಬವಾದರೆ, ಅವನ ತಾಯಿ ಬದುಕಿಲ್ಲದಿದ್ದರೆ, ಐವರಿಗೂ ತಲಾ 24 ಗುಂಟೆ. ಕ್ರೈಸ್ತ ಕುಟುಂಬವಾದರೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಪ್ರಕಾರ ಹೆಂಡತಿಗೆ ಮೂರನೇ ಒಂದು ಪಾಲು, ಅಂದರೆ 40 ಗುಂಟೆ. ಉಳಿದದ್ದರಲ್ಲಿ ಗಂಡು ಹೆಣ್ಣು ಎನ್ನದೆ ಮಕ್ಕಳಿಗೆ ತಲಾ 20. ಮುಸ್ಲಿಂ ಕುಟುಂಬಗಳಲ್ಲಿ ಷರಿಯತ್ ಪ್ರಕಾರ ಮಗಳಿಗೆ ಮಗನ ಪಾಲಿನ ಅರ್ಧ.

ಕಾಗದದ ಮೇಲೆ ಇಷ್ಟೆಲ್ಲ ಇದ್ದೂ ಪಹಣಿಯಲ್ಲಿ ಹೆಸರು ಏಕೆ ಬರುವುದಿಲ್ಲ? ತಡೆ ಕಚೇರಿಯಲ್ಲಿ ಮಾತ್ರ ಇಲ್ಲ, ತವರಿನಲ್ಲಿದೆ. ಅಣ್ಣ ಹಬ್ಬಕ್ಕೆ ಕರೆದು, ಸೀರೆ ಕೊಟ್ಟು, ಊಟ ಆದ ಮೇಲೆ "ಇಲ್ಲೊಂದು ಸಹಿ ಹಾಕವ್ವಾ" ಅನ್ನುತ್ತಾನೆ. ಅದು ಹಕ್ಕು ಬಿಡುಗಡೆ ಪತ್ರ. ಪಾಲು ಕೇಳಿದವಳಿಗೆ ತವರಿನ ಬಾಗಿಲು ಮುಚ್ಚುತ್ತದೆ ಎಂಬ ಭಯ ಸುಳ್ಳಲ್ಲ. ಬಾಣಂತನಕ್ಕೆ, ಕಷ್ಟಕ್ಕೆ ಆಗುವುದು ತವರೇ. ಹಾಗಾಗಿ ಎಲ್ಲರೂ ಕೋರ್ಟು ಹತ್ತಿ ಎಂದು ನಾವು ಹೇಳುವುದಿಲ್ಲ. ಬಿಡುವುದಿದ್ದರೂ ಏನನ್ನು ಬಿಡುತ್ತಿದ್ದೇವೆ, ಎಷ್ಟು ಗುಂಟೆ, ಅದರ ಬೆಲೆ ಎಷ್ಟು ಅಂತ ತಿಳಿದು ಬಿಡಿ. ನೋಂದಣಿ ಆದ ಮೇಲೆ ವಾಪಸು ಪಡೆಯುವುದು ಬಹಳ ಕಷ್ಟ. ಅರಿಶಿನ ಕುಂಕುಮಕ್ಕೆ ಅಂತ ತಂದೆ ಬಾಯಿಮಾತಲ್ಲಿ ತೋರಿಸಿದ ತುಂಡು ಹೊಲವಿದ್ದರೆ ತಂದೆ ಇರುವಾಗಲೇ ದಾನಪತ್ರ ಮಾಡಿಸಿ ನೋಂದಣಿ ಮಾಡಿಸಿಕೊಳ್ಳಿ.

ಮನೆಯಲ್ಲಿ ಸಾವಾದಾಗ ಪೌತಿ ಖಾತೆಯನ್ನು ಮುಂದೂಡಬೇಡಿ. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದ ಜೊತೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಮೋಸ ನಡೆಯುವುದು ಹೆಚ್ಚಾಗಿ ಈ ವಂಶವೃಕ್ಷದಲ್ಲೇ. ಗಂಡುಮಕ್ಕಳ ಹೆಸರು ಬರೆದು, ಹೆಣ್ಣುಮಕ್ಕಳನ್ನೂ ತೀರಿಕೊಂಡ ಮಗನ ಹೆಂಡತಿಯನ್ನೂ ಬಿಟ್ಟಿರುತ್ತಾರೆ. ಗ್ರಾಮ ಲೆಕ್ಕಿಗರ ಬಳಿ (ಈಗ ಅವರನ್ನು ಗ್ರಾಮ ಆಡಳಿತ ಅಧಿಕಾರಿ ಎನ್ನುತ್ತಾರೆ) ಅದನ್ನು ಕೇಳಿ ಓದಿಸಿಕೊಳ್ಳಿ. ಖಾತೆ ಬದಲಾಗುವ ನೋಟೀಸು ಬಂದರೆ ಅದರಲ್ಲಿ ಬರೆದ ಗಡುವಿನೊಳಗೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. ಹಾಗಂತ ಪಹಣಿಯಲ್ಲಿ ಹೆಸರಿಲ್ಲದವಳಿಗೆ ಹಕ್ಕೇ ಇಲ್ಲ ಎಂದಲ್ಲ. ಪಹಣಿ ಕಂದಾಯದ ದಾಖಲೆ. ಪಾಲಿನ ಹಕ್ಕನ್ನು ತೀರ್ಮಾನಿಸುವುದು ನ್ಯಾಯಾಲಯ. ಅಲ್ಲಿಗೆ ಹೋಗಲೇಬೇಕಾಗಿ ಬಂದರೆ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. 1987ರ ಕಾಯಿದೆ ಪ್ರಕಾರ ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ವಕೀಲರ ನೆರವು ಉಚಿತ. ಒಬ್ಬರೇ ಹೋಗಲು ಅಂಜಿಕೆಯಾದರೆ ಸಂಘದಿಂದ ಇಬ್ಬರು ಜೊತೆಗೆ ಹೋಗಿ, ಆ ದಿನದ ಬಸ್ ಚಾರ್ಜನ್ನು ಸಂಘದ ಹಣದಿಂದ ಕೊಡಬಹುದೇ ಎಂದು ಇದೇ ಸಭೆಯಲ್ಲಿ ಮಾತಾಡಿ ನಡಾವಳಿ ಪುಸ್ತಕದಲ್ಲಿ ಬರೆದಿಡಿ.