ಆಗಸದಿಂದ ಬಂದ ಕಬ್ಬಿಣ

ಗದಗಿನಿಂದ ಹುಬ್ಬಳ್ಳಿಗೆ ಹೋಗುವ ಹಾದಿಯಲ್ಲಿ ಹುಲಕೋಟಿ ಇದೆ. ಅದರ ಸುತ್ತ ಕಣ್ಣು ಹಾಯುವವರೆಗೆ ಎರೆಭೂಮಿ. ಇಂಥ ಹೊಲದಲ್ಲಿ ಗಾತ್ರಕ್ಕೆ ಮೀರಿದ ತೂಕವುಳ್ಳ ಕರಿಯ ಕಲ್ಲೊಂದು ಕುಂಟೆಗೆ ತೊಡಕಿದರೆ, ಅದು ಎಲ್ಲಿಂದ ಬಂದುದೆಂಬ ಪ್ರಶ್ನೆ ಏಳುವುದು ಸಹಜ. ಬಹುಮಟ್ಟಿಗೆ ಅದು ಈ ನೆಲದ್ದೇ ಆಗಿರುತ್ತದೆ. ಸಮೀಪದ ಕಪ್ಪತಗುಡ್ಡದಲ್ಲಿ ಕಬ್ಬಿಣದ ಅದಿರುಳ್ಳ ಬಂಡೆಗಳಿವೆ. ಆದರೆ ತೀರ ಅಪರೂಪವಾಗಿ ಅಂಥ ಕಲ್ಲು ಆಗಸದಿಂದಲೂ ಬಂದಿರಬಹುದು.

ಇದು ಬರಿಯ ಊಹೆಯಲ್ಲ. 1848ರ ಫೆಬ್ರವರಿ 15ರಂದು, ಅಂದು ಧಾರವಾಡ ಜಿಲ್ಲೆಗೂ ಇಂದು ಹಾವೇರಿ ಜಿಲ್ಲೆಗೂ ಸೇರಿದ ನೆಗಳೂರಿನಲ್ಲಿ ಉಲ್ಕಾಶಿಲೆಯೊಂದು ಬಿದ್ದಿತು. ವಿಜ್ಞಾನಿಗಳ ಪಟ್ಟಿಯಲ್ಲಿ ಅದಕ್ಕೆ 'ಧಾರವಾಡ' ಎಂಬ ಹೆಸರೇ ಉಳಿದಿದೆ. ಅದು ಕಲ್ಲಿನ ಜಾತಿಯದು. ಬೀಳುವುದು ಕಣ್ಣಿಗೆ ಬಿದ್ದ ಉಲ್ಕಾಶಿಲೆಗಳಲ್ಲಿ ಬಹುಪಾಲು ಇಂಥವೇ. ಪೂರ್ಣ ಕಬ್ಬಿಣದವು ನೂರಕ್ಕೆ ಐದರಷ್ಟು ಮಾತ್ರ.

ಆಗಸದಲ್ಲಿ ಕಬ್ಬಿಣವೆಲ್ಲಿಯದು? 1794ರಲ್ಲಿ ಜರ್ಮನಿಯ ಕ್ಲಾಡ್ನಿ ಎಂಬ ವಿಜ್ಞಾನಿ, ಇಂಥ ಲೋಹಪಿಂಡಗಳು ಭೂಮಿಯ ಹೊರಗಿನಿಂದ ಬಂದವೆಂದು ವಾದಿಸಿದಾಗ ಹಲವರು ನಂಬಲಿಲ್ಲ. ಇಂದು ಅವುಗಳ ಹುಟ್ಟು ಹೆಚ್ಚು ಸ್ಪಷ್ಟವಾಗಿದೆ. ಸುಮಾರು 456 ಕೋಟಿ ವರ್ಷಗಳ ಹಿಂದೆ ಸೌರಮಂಡಲ ರೂಪುಗೊಳ್ಳುತ್ತಿದ್ದಾಗ, ಕೆಲವು ಕಿರಿಯ ಕಾಯಗಳು ಒಳಗಿನ ಶಾಖದಿಂದ ಕರಗಿದವು. ಭಾರವಾದ ಕಬ್ಬಿಣವೂ ನಿಕ್ಕಲ್ಲೂ ಗರ್ಭಕ್ಕೆ ಇಳಿದವು; ಹಗುರವಾದ ಶಿಲಾದ್ರವ್ಯ ಮೇಲೆ ಉಳಿಯಿತು. ಮುಂದೆ ಈ ಕಾಯಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಒಡೆದಾಗ ಗರ್ಭದ ಲೋಹ ಚೂರುಗಳಾಗಿ ಚದುರಿತು. ಅವುಗಳಲ್ಲಿ ಕೆಲವು ಭೂಮಿಗೆ ಬಂದು ಬಿದ್ದಿವೆ. ಭೂಮಿಯ ಗರ್ಭದಲ್ಲೂ ಇಂಥ ಲೋಹವಿದೆ. ಆದರೆ ಅಲ್ಲಿಗೆ ಮನುಷ್ಯನ ಕೈ ಎಟುಕದು. ಕಬ್ಬಿಣದ ಉಲ್ಕಾಪಿಂಡದ ಬೆಲೆ ಇರುವುದು ಇಲ್ಲಿಯೇ.

ಎಲ್ಲವೂ ಹೀಗೆ ಗರ್ಭದಿಂದಲೇ ಬಂದವಲ್ಲ. ತಮಿಳುನಾಡಿನ ಕೊಡೈಕನಾಲಿನಲ್ಲಿ 1898ರಲ್ಲಿ ದೊರೆತ ಸುಮಾರು 16 ಕಿಲೋಗ್ರಾಂ ತೂಕದ ಪಿಂಡದಲ್ಲಿ ಕಬ್ಬಿಣದೊಡನೆ ಶಿಲಾದ್ರವ್ಯವೂ ಬೆರೆತಿದೆ. ಡಿಕ್ಕಿಯ ಶಾಖದಲ್ಲಿ ಇವೆರಡೂ ಕಲೆತಿರಬೇಕೆಂದು ಹಲವು ವಿಜ್ಞಾನಿಗಳ ಅಭಿಪ್ರಾಯ.

ಉಲ್ಕಾಪಿಂಡವನ್ನು ಗುರುತಿಸುವುದು ಸುಲಭವಲ್ಲ. ಅಯಸ್ಕಾಂತ ಅದನ್ನು ಸೆಳೆಯುತ್ತದೆ. ಮ್ಯಾಗ್ನಟೈಟ್ ಅದಿರನ್ನೂ ಸೆಳೆಯುತ್ತದೆ. ಹೊಳಪಿಲ್ಲದ ಪಿಂಗಾಣಿಯ ಮೇಲೆ ತಿಕ್ಕಿದರೆ ಹೆಮಟೈಟ್ ಅದಿರು ಕೆಂಪು ಗೆರೆಯನ್ನೂ, ಮ್ಯಾಗ್ನಟೈಟ್ ಕಪ್ಪು ಗೆರೆಯನ್ನೂ ಮೂಡಿಸುತ್ತದೆ. ಕೊನೆಯ ತೀರ್ಪು ಪ್ರಯೋಗಶಾಲೆಯದು. ಅಲ್ಲಿ ಲೋಹದಲ್ಲಿ ನಿಕ್ಕಲ್ ಇದೆಯೇ ಎಂದು ನೋಡುತ್ತಾರೆ. ನಯಗೊಳಿಸಿದ ಮೈಗೆ ತಿಳಿಯಾದ ನೈಟ್ರಿಕ್ ಆಮ್ಲ ಸವರಿದಾಗ, ಬಹಳಷ್ಟು ಪಿಂಡಗಳಲ್ಲಿ ಒಂದನ್ನೊಂದು ಹಾಯುವ ಪಟ್ಟಿಗಳು ಮೂಡುತ್ತವೆ. ವಿಯೆನ್ನಾದ ವಿಡ್‌ಮನ್‌ಸ್ಟೇಟನ್ ಎಂಬವನ ಹೆಸರನ್ನು ಈ ವಿನ್ಯಾಸಕ್ಕೆ ಇಡಲಾಗಿದೆ. ಲೋಹವು ಲಕ್ಷಾಂತರ ವರ್ಷ ಮೆಲ್ಲಮೆಲ್ಲನೆ ಆರಿದಾಗ ಮಾತ್ರ ಅದು ಬೆಳೆಯುತ್ತದೆ. ಯಾವ ಕುಲುಮೆಯೂ ಅದನ್ನು ಮಾಡಲಾರದು.

ಆದರೆ ಕುಲುಮೆ ಅದನ್ನು ಅಳಿಸಬಲ್ಲದು. 1621ರಲ್ಲಿ ಪಂಜಾಬಿನ ಜಲಂಧರ ಪ್ರಾಂತದಲ್ಲಿ ಬಿದ್ದ ಕಬ್ಬಿಣವನ್ನು ಮೊಗಲ್ ದೊರೆ ಜಹಾಂಗೀರನಿಗೆ ಒಪ್ಪಿಸಿದರು. ಅದರ ತೂಕ 160 ತೊಲ. ಸುತ್ತಿಗೆಯ ಪೆಟ್ಟಿಗೆ ಅದು ಚೂರಾಗತೊಡಗಿತು. ಆಗ ಮೂರು ಪಾಲಿಗೆ ಒಂದು ಪಾಲು ಸಾಮಾನ್ಯ ಕಬ್ಬಿಣ ಬೆರೆಸಿ ಎರಡು ಖಡ್ಗ, ಒಂದು ಕಠಾರಿ, ಒಂದು ಚೂರಿ ಮಾಡಿಸಿದುದಾಗಿ ದೊರೆಯೇ ಬರೆದಿದ್ದಾನೆ. ಆಯುಧಗಳು ಸಿದ್ಧವಾದವು, ಕಬ್ಬಿಣ ತನ್ನೊಳಗೆ ಹೊತ್ತು ತಂದಿದ್ದ ಕಥೆ ಕಾಸಿ ಬಡಿದ ಲೋಹದಲ್ಲಿ ಉಳಿಯಲಿಲ್ಲ.

ಗದಗಿನ ನೆರೆಯ ಲಕ್ಕುಂಡಿಯಲ್ಲಿ ಶಾಸನವೊಂದು ದೊರೆತರೆ ಅದನ್ನು ಗೋಡೆಗೆ ಕಲ್ಲಾಗಿ ಬಳಸುವುದು ತರವಲ್ಲವೆಂದು ಎಲ್ಲರೂ ಬಲ್ಲರು. ಉಲ್ಕಾಪಿಂಡವೂ ಒಂದು ಶಾಸನವೇ. ಒಡೆಯದೆ, ಕಾಯಿಸದೆ, ತಿಕ್ಕಿ ತೊಳೆಯದೆ, ಸಿಕ್ಕ ಜಾಗವನ್ನೂ ದಿನವನ್ನೂ ಬರೆದಿಟ್ಟು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಗೆ ತಿಳಿಸುವುದು ಸಿಕ್ಕವನ ಕರ್ತವ್ಯ. ದೇಶದ ಉಲ್ಕಾಶಿಲೆಗಳ ಸಂಗ್ರಹವನ್ನು ಕಾಪಾಡುವ ಹೊಣೆ ಆ ಸಂಸ್ಥೆಯದು. ಬಚ್ಚಿಟ್ಟ ಕಲ್ಲು ಒಬ್ಬನ ಸೊತ್ತಾಗಿ ಉಳಿಯುತ್ತದೆ. ಒಪ್ಪಿಸಿದ ಕಲ್ಲು ಎಲ್ಲರ ಅರಿವಾಗುತ್ತದೆ.