ಸವಣೂರು ಸೀಮೆಯ ಎರೆಹೊಲಗಳಿಗೆ ಕುಸುಬೆ

ಹಾನಗಲ್ಲಿನ ಭತ್ತದ ಗದ್ದೆಗಳನ್ನು ದಾಟಿ ಪೂರ್ವಕ್ಕೆ ಬಂದಂತೆ ಮಳೆ ಕಡಿಮೆಯಾಗುತ್ತದೆ. ಸವಣೂರಿನ ಸುತ್ತಮುತ್ತ ಎರೆಭೂಮಿ ಕಾಣಸಿಗುತ್ತದೆ. ಮುಂಗಾರಿನ ಹೆಸರು ಕಿತ್ತ ಮೇಲೆ ಇಂಥ ಹೊಲದಲ್ಲಿ ಹಿಂಗಾರಿಗೆ ಏನು ಬಿತ್ತಬೇಕೆಂದು ಯೋಚಿಸುವ ರೈತರು ಕಡಲೆ, ಬಿಳಿಜೋಳಗಳ ಜೊತೆಗೆ ಕುಸುಬೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳ್ಳೆಯದು. ಹಿಂದೆ ಜೋಳದ ಹೊಲದಂಚಿಗೆ ದನ ಬಾರದಂತೆ ಕುಸುಬೆ ಸಾಲು ಹಾಕುವುದು ರೂಢಿಯಲ್ಲಿತ್ತು. ಮನೆಯ ಎಣ್ಣೆಗೂ ಅದೇ ಆಧಾರವಾಗುತ್ತಿತ್ತು.

ಸೂರ್ಯಕಾಂತಿ, ಸೇವಂತಿಗೆಗಳ ಕುಟುಂಬಕ್ಕೆ ಸೇರಿದ ಈ ಬೆಳೆಯ ಮೂಲ ಪಶ್ಚಿಮ ಏಷ್ಯಾದ ಒಣ ಪ್ರದೇಶ. ಅದರ ಕಾಡು ಸಂಬಂಧಿಗಳು ಅಲ್ಲಿ ಈಗಲೂ ಮುಳ್ಳುಗಿಡಗಳಾಗಿ ಬೆಳೆಯುತ್ತವೆ. ಬರ ತಡೆಯುವ ಗುಣ ಕುಸುಬೆಗೆ ಬಂದಿರುವುದು ಬೇರಿನಿಂದ. ತಾಯಿಬೇರು ಆರೇಳು ಅಡಿ ಆಳಕ್ಕೆ ಇಳಿದು, ಜೋಳದ ಬೇರಿಗೆ ಎಟುಕದ ತೇವವನ್ನೂ ಹೀರಬಲ್ಲದು. ಆದರೆ ನಿಂತ ನೀರನ್ನು ಈ ಬೇರು ಸಹಿಸದು. ಬಸಿಯದ ತಗ್ಗಿನ ಹೊಲಕ್ಕೆ ಕುಸುಬೆ ಬೇಡ.

ಬಿತ್ತನೆಯ ಕಾಲ

ಈ ಬೆಳೆಯಲ್ಲಿ ಲಾಭ ನಷ್ಟ ಬಹುಮಟ್ಟಿಗೆ ಬಿತ್ತನೆಯ ದಿನದಲ್ಲೇ ತೀರ್ಮಾನವಾಗುತ್ತದೆ. ಉತ್ತರೆ ಮಳೆಯ ಕೊನೆಯಿಂದ ಹಸ್ತ ಮುಗಿಯುವವರೆಗೆ, ಅಂದರೆ ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ 10ರ ವರೆಗೆ, ತಕ್ಕ ಸಮಯ. ಹುಬ್ಬೆ ಮಳೆಯಲ್ಲೇ ಬಿತ್ತಿದರೆ ಜಡಿಮಳೆಗೆ ಸಿಕ್ಕಿ ಎಲೆಚುಕ್ಕೆ, ಸೊರಗು ರೋಗಗಳಿಗೆ ತುತ್ತಾಗುತ್ತದೆ. ಚಿತ್ತೆ ದಾಟಿದರೆ ತೇವ ಆರಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಚಳಿಯಲ್ಲಿ ಹೇನು ಹೆಚ್ಚುವ ವೇಳೆಗೆ ಗಿಡ ಇನ್ನೂ ಎಳೆಯದಾಗಿರುತ್ತದೆ. ಗೋವಿನಜೋಳ ಕಟಾವಾಗುವವರೆಗೆ ಕಾಯುವ ಹೊಲಗಳಲ್ಲಿ ಕುಸುಬೆ ಕೈಕೊಡುವುದಕ್ಕೆ ಕಾರಣ ಇದೇ. ಅಂಥ ಹೊಲಕ್ಕೆ ಕಡಲೆಯೇ ವಾಸಿ.

ಎಕರೆಗೆ 4 ಕಿ.ಗ್ರಾಂ. ಬೀಜ ಸಾಕು. ಪ್ರತಿ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಲೇಪಿಸಬೇಕು. ಕೂರಿಗೆಯಿಂದ ಒಂದೂವರೆ ಅಡಿ ಅಂತರದ ಸಾಲುಗಳಲ್ಲಿ, ಬೀಜ ಹಸಿ ಮಣ್ಣಿಗೆ ಮುಟ್ಟುವಂತೆ ಬಿತ್ತಬೇಕು. ಅಣ್ಣಿಗೇರಿ ಸಂಶೋಧನಾ ಕೇಂದ್ರದ ಎ-1 ಈ ಭಾಗದ ರೈತರಿಗೆ ಹಳೆಯ ಪರಿಚಯದ ತಳಿ. ಫಲ್ಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯ ನಾರಿ-6 ಮುಳ್ಳಿಲ್ಲದ್ದು. ಕೊಯ್ಲು ಹಗುರವಾಗುತ್ತದೆ, ಆದರೆ ಬೇಲಿಯ ಉಪಯೋಗ ತಪ್ಪುತ್ತದೆ. ದನ ಕಾಯುವ ಕೆಲಸ ಹೆಚ್ಚುತ್ತದೆ.

ಮೊದಲ ತಿಂಗಳು ಗಿಡ ನೆಲಕ್ಕೆ ಅಂಟಿಕೊಂಡು ಎಲೆ ಹರಡಿ ಕೂತಿರುತ್ತದೆ. ಬೆಳೆ ಏಳುತ್ತಿಲ್ಲವೆಂದು ಗಾಬರಿಯಾಗಬೇಕಿಲ್ಲ. ಬೇರು ಇಳಿಯುವ ಕಾಲ ಅದು. ಕಳೆ ಬೆಳೆಯನ್ನು ಮುಚ್ಚುವುದೂ ಆಗಲೇ. ಮೂರನೆಯ ವಾರದಲ್ಲಿ ಗಿಡದಿಂದ ಗಿಡಕ್ಕೆ ಮುಕ್ಕಾಲು ಅಡಿ ಬಿಟ್ಟು ಉಳಿದ ಸಸಿ ಕೀಳಬೇಕು. ಕಿತ್ತ ಎಳೆಸಸಿ ಪಲ್ಯಕ್ಕಾಗುತ್ತದೆ. ಎಡೆಕುಂಟೆಯನ್ನು ಎರಡು ಸಲ ಹೊಡೆದರೆ ಕಳೆ ಸಾಯುವುದಲ್ಲದೆ ಎರೆಯ ಬಿರುಕು ಮುಚ್ಚಿ ತೇವ ಉಳಿಯುತ್ತದೆ. ನೀರಿನ ಅನುಕೂಲವಿದ್ದವರು ಬಿರುಕು ಬಿಡುವ ಮೊದಲೇ ಒಮ್ಮೆ ತೆಳ್ಳಗೆ ಹಾಯಿಸಬಹುದು, ಹೆಚ್ಚು ಬೇಡ.

ಹೇನು

ಕುಸುಬೆಗೆ ಅತಿ ದೊಡ್ಡ ಶತ್ರು ಕಪ್ಪು ಹೇನು. ಕುಡಿಗೆ ಮುತ್ತಿ ರಸ ಹೀರುತ್ತದೆ. ಎಲೆಗಳ ಮೇಲೆ ಅಂಟು ಜಿಗಿ ಬಿದ್ದು ಬೂಷ್ಟು ಬೆಳೆಯುತ್ತದೆ. ಬಾಧೆ ಜೋರಾದರೆ ಅರ್ಧ ಬೆಳೆಯೂ ಕೈಗೆ ಬರುವುದಿಲ್ಲ. ಈ ಕೀಟ ಮೊದಲು ಕಾಣಿಸುವುದು ಹೊಲದ ಅಂಚಿನ ಸಾಲುಗಳಲ್ಲಿ. ಆದ್ದರಿಂದ ನವೆಂಬರ್ ನಡುವಿನಿಂದ ವಾರಕ್ಕೊಮ್ಮೆ ಬದುವಿನ ಸುತ್ತ ತಿರುಗಿ ಕುಡಿಗಳನ್ನು ನೋಡಬೇಕು. ಕಂಡ ಕೂಡಲೇ ಅಂಚಿನ ಐದಾರು ಅಡಿ ಪಟ್ಟಿಗೆ ಮಾತ್ರ ಔಷಧಿ ಹೊಡೆದರೆ ಒಳಗಿನ ಬೆಳೆ ಉಳಿಯುತ್ತದೆ, ಖರ್ಚೂ ಕಡಿಮೆ. ಯಾವ ಔಷಧಿ, ಎಷ್ಟು ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿಕೊಳ್ಳಬೇಕು. ಗುಲಗಂಜಿ ಹುಳು ಹೇನನ್ನು ತಿನ್ನುತ್ತದೆ. ಅದು ಹೇರಳವಾಗಿದ್ದಾಗ ಸಿಂಪರಣೆಗೆ ಆತುರ ಬೇಡ.

ಕೊಯ್ಲು

ಎಲೆ, ತೆನೆ ಒಣಗಿ ಕಂದುಬಣ್ಣಕ್ಕೆ ತಿರುಗಿದಾಗ ಕೊಯ್ಯಬೇಕು. ಕೂಲಿಯವರು ಈ ಬೆಳೆಗೆ ಹಿಂಜರಿಯುವುದು ಮುಳ್ಳಿಗಾಗಿ. ಬೆಳಗಿನ ಇಬ್ಬನಿ ಇರುವಾಗ ಮುಳ್ಳು ಮೆತ್ತಗಿರುತ್ತದೆ. ಕೈಗವಸು ಹಾಕಿ, ಕಾಲಿಗೆ ಗೋಣಿತಾಟು ಸುತ್ತಿಕೊಂಡು ಬಿಸಿಲೇರುವ ಮೊದಲು ಮುಗಿಸಬೇಕು. ಗೋಧಿ ಕೊಯ್ಯುವ ಕಂಬೈನ್ ಯಂತ್ರದಿಂದಲೂ ಕುಸುಬೆ ಕೊಯ್ಯಬಹುದು. ನಾಲ್ಕಾರು ರೈತರು ಒಟ್ಟಾಗಿ ಬಿತ್ತಿದ್ದರೆ ಯಂತ್ರ ತರಿಸುವುದು ಗಿಟ್ಟುತ್ತದೆ. ಹೂವಿನ ಎಸಳು ಬಾಡಿ ಕೆಂಪಾದ ಮೇಲೆ ಬಿಡಿಸಿದರೆ ಕಾಳಿಗೆ ನಷ್ಟವಿಲ್ಲ. ನೆರಳಲ್ಲಿ ಒಣಗಿಸಿದ ಎಸಳನ್ನು ಬಣ್ಣಕ್ಕೂ ಕಷಾಯಕ್ಕೂ ಕೊಳ್ಳುವವರಿದ್ದಾರೆ. ಬಿಡಿಸುವ ಕೂಲಿ ಮಾತ್ರ ಹೆಚ್ಚು. ಕೊಳ್ಳುವವರನ್ನು ಗೊತ್ತುಮಾಡಿಕೊಂಡ ನಂತರವೇ ಆ ಕೆಲಸಕ್ಕೆ ಕೈಹಾಕಬೇಕು.